ದೈತ್ಯ ಮೊಲ ಸಾಕಿದರೆ ತಿಂಗಳಿಗೆ ಲಕ್ಷ ರೂಪಾಯಿ? ವಿಜಯಪುರದ ಬಿಸಿಲಿಗೆ ಈ ಲೆಕ್ಕ ಹೊಂದುತ್ತದೆಯೇ?

ನಾಯಿಯಷ್ಟು ದೊಡ್ಡ ಮೊಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ ಫೋಟೊ. ಅದರ ಕೆಳಗೆ ಹೀಗೊಂದು ಬರಹ: "ಒಂದು ಮೊಲ 10 ಕೆ.ಜಿ. ತೂಗುತ್ತದೆ. ವರ್ಷಕ್ಕೆ ಆರು ಸಲ ಮರಿ ಹಾಕುತ್ತದೆ. ಹುಲ್ಲು ತಿಂದು ಬೆಳೆಯುತ್ತದೆ, ಖರ್ಚಿಲ್ಲ. ಮರಿಗಳನ್ನು ಕಂಪನಿಯೇ ವಾಪಸ್ ಕೊಳ್ಳುತ್ತದೆ. ತಿಂಗಳಿಗೆ ಲಕ್ಷ ರೂಪಾಯಿ ಆದಾಯ. ರೈತ ಬಾಂಧವರಿಗೆ ತಪ್ಪದೇ ಶೇರ್ ಮಾಡಿ." ಸ್ವಲ್ಪ ಹೆಚ್ಚು ಕಡಿಮೆ ಇದೇ ಧಾಟಿಯ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಮಳೆ ಕೈಕೊಟ್ಟ ವರ್ಷ, ಪಕ್ಕದ ಕಸುಬು ಹುಡುಕುತ್ತಿರುವ ಯುವಕರಿಗೆ ಇಂಥ ಸಂದೇಶ ಕಂಡರೆ ಆಸೆ ಹುಟ್ಟುವುದು ಸಹಜ.

ಚಿಕ್ಕದಾಗಿ ಹೇಳಬೇಕೆಂದರೆ: ಮೊಲ ಸಾಕಣೆ ಸುಳ್ಳಲ್ಲ, ಅದು ನಿಜವಾದ ಕಸುಬು. ಆದರೆ ಫೋಟೊದಲ್ಲಿರುವ ದೈತ್ಯ ತಳಿ ಮಾಂಸದ ತಳಿಯಲ್ಲ. ನಮ್ಮ ಕಡೆಯ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಹಾಗೆಯೇ "ಕಂಪನಿ ವಾಪಸ್ ಕೊಳ್ಳುತ್ತದೆ" ಎನ್ನುವ ಮಾತಿನಲ್ಲಿ ಲಾಭ ಇರುವುದು ಮೊದಲು ಮೊಲ ಮಾರುವವರಿಗೆ, ಕೊಳ್ಳುವವರಿಗಲ್ಲ. ಒಂದೊಂದಾಗಿ ನೋಡೋಣ.

ಫೋಟೊದಲ್ಲಿರುವ ಮೊಲ ನಿಜವೇ?

ನಿಜವಾದ ದೈತ್ಯ ಮೊಲಗಳಿವೆ. ಬೆಲ್ಜಿಯಂ ಮೂಲದ ಫ್ಲೆಮಿಶ್ ಜೈಂಟ್ ತಳಿ ಸಾಮಾನ್ಯವಾಗಿ 6-7 ಕೆ.ಜಿ. ತೂಗುತ್ತದೆ, ಕೆಲವು ಅದನ್ನೂ ಮೀರುತ್ತವೆ. ಕಾಂಟಿನೆಂಟಲ್ ಜೈಂಟ್ ಇದೇ ಬಳಗದ್ದು. ಇಂಗ್ಲೆಂಡಿನ ಡೇರಿಯಸ್ ಎಂಬ ಮೊಲ 129 ಸೆಂ.ಮೀ. ಉದ್ದವಿದ್ದು, 2010ರಲ್ಲಿ ಜಗತ್ತಿನ ಅತಿ ಉದ್ದದ ಮೊಲ ಎಂದು ಗಿನ್ನೆಸ್ ದಾಖಲೆಗೆ ಸೇರಿತು. ಫೋಟೊದಲ್ಲಿ ಇನ್ನೂ ದೊಡ್ಡದಾಗಿ ಕಾಣಲು ಒಂದು ಸುಲಭ ಉಪಾಯವಿದೆ: ಮೊಲವನ್ನು ಕ್ಯಾಮೆರಾದ ಕಡೆಗೆ ಮುಂದೆ ಚಾಚಿ ಹಿಡಿದರೆ ಸಾಕು, ಹಿಂದಿರುವ ಮನುಷ್ಯ ಚಿಕ್ಕದಾಗಿ ಕಾಣುತ್ತಾನೆ.

ಇನ್ನು ಹೆಸರಿನ ಗೊಂದಲ. ಭಾರತದಲ್ಲಿ ಮಾಂಸಕ್ಕಾಗಿ ಸಾಕುವ ತಳಿಗಳಲ್ಲಿ ವೈಟ್ ಜೈಂಟ್, ಗ್ರೇ ಜೈಂಟ್ ಎಂಬ ಹೆಸರುಗಳಿವೆ. ಅವುಗಳ ಜೊತೆಗೆ ಸೋವಿಯತ್ ಚಿಂಚಿಲ್ಲಾ, ನ್ಯೂಜಿಲೆಂಡ್ ವೈಟ್ ತಳಿಗಳೂ ಇವೆ. ಹೆಸರಿನಲ್ಲಿ "ಜೈಂಟ್" ಇದ್ದರೂ ಇವು ಬೆಳೆದ ಮೇಲೆ ತೂಗುವುದು ನಾಲ್ಕೈದು ಕೆ.ಜಿ. ಆಸುಪಾಸು. ಸಂದೇಶದಲ್ಲಿ ಫ್ಲೆಮಿಶ್ ಮೊಲದ ಫೋಟೊ ಹಾಕಿ, ವೈಟ್ ಜೈಂಟ್ ಮರಿ ಮಾರಿದರೆ ಹೆಸರಿನಲ್ಲಿ ಮೋಸ ಕಾಣುವುದಿಲ್ಲ, ತೂಕದಲ್ಲಿ ಕಾಣುತ್ತದೆ.

ದೊಡ್ಡ ಮೊಲ ಎಂದರೆ ಹೆಚ್ಚು ಮಾಂಸವೇ?

ಕೇಳಿದರೆ ಹೌದು ಅನ್ನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಮಾಂಸದ ಕಸುಬಿನಲ್ಲಿ ಪ್ರಾಣಿ ಕೊನೆಗೆ ಎಷ್ಟು ದೊಡ್ಡದಾಗುತ್ತದೆ ಎನ್ನುವುದಕ್ಕಿಂತ, ಎಷ್ಟು ಬೇಗ ಮತ್ತು ಎಷ್ಟು ಮೇವಿನಲ್ಲಿ ಮಾರುವ ತೂಕಕ್ಕೆ ಬರುತ್ತದೆ ಎನ್ನುವುದು ಮುಖ್ಯ. ನ್ಯೂಜಿಲೆಂಡ್ ವೈಟ್ ತರಹದ ಮಧ್ಯಮ ತಳಿ ಚೆನ್ನಾಗಿ ಸಾಕಿದರೆ ಸುಮಾರು 12 ವಾರಕ್ಕೆ 2 ಕೆ.ಜಿ. ಮುಟ್ಟುತ್ತದೆ. ಫ್ಲೆಮಿಶ್ ಜೈಂಟ್ ಪೂರ್ತಿ ಬೆಳೆಯಲು ಒಂದರಿಂದ ಒಂದೂವರೆ ವರ್ಷ ಬೇಕು. ಮೊದಮೊದಲು ಅದು ತಿಂದದ್ದು ಹೆಚ್ಚಾಗಿ ಮೂಳೆಗೆ ಹೋಗುತ್ತದೆ, ಮಾಂಸ ತುಂಬಿಕೊಳ್ಳುವುದು ಆಮೇಲೆ. ಅಷ್ಟು ದಿನ ಮೇವು ಹಾಕುತ್ತಲೇ ಇರಬೇಕು. ಆದ್ದರಿಂದಲೇ ಜಗತ್ತಿನ ದೊಡ್ಡ ಮೊಲದ ಫಾರಂಗಳು ಶುದ್ಧ ದೈತ್ಯ ತಳಿಯನ್ನು ಮಾಂಸಕ್ಕೆ ಸಾಕುವುದಿಲ್ಲ.

ದೈತ್ಯ ಮೊಲದಿಂದ ಹಸಿವು ನೀಗಿಸುವ ಯೋಚನೆ ಮೊದಲ ಸಲ ಹುಟ್ಟಿದ್ದೂ ವಾಟ್ಸಾಪ್‌ನಲ್ಲಲ್ಲ. ಜರ್ಮನಿಯ ಮೊಲ ಸಾಕಣೆಗಾರ ಕಾರ್ಲ್ ಸ್ಮೋಲಿನ್‌ಸ್ಕಿ ತಮ್ಮ 12 ದೈತ್ಯ ಮೊಲಗಳನ್ನು ಉತ್ತರ ಕೊರಿಯಾಕ್ಕೆ ಮಾರಿದ ಸುದ್ದಿ 2007ರಲ್ಲಿ ಜಗತ್ತಿನಾದ್ಯಂತ ಹರಡಿತು. ಅಲ್ಲಿನ ಆಹಾರದ ಕೊರತೆ ನೀಗಲು ತಳಿ ಬೆಳೆಸುವ ಯೋಜನೆ ಅದು. ತಾವೇ ಹೋಗಿ ಫಾರಂ ಮಾಡಿಕೊಡಬೇಕೆಂದಿದ್ದ ಅವರ ಪ್ರಯಾಣ ಕೊನೆಗೆ ರದ್ದಾಯಿತು. ಮೊಲಗಳನ್ನು ಔತಣಕ್ಕೆ ಬಳಸಿಬಿಟ್ಟರು ಎಂದು ಅವರಿಗೆ ಅನುಮಾನ, ಹಾಗೇನೂ ಇಲ್ಲ ಎಂದು ಉತ್ತರ ಕೊರಿಯಾದವರ ಮಾತು. ಆಗಲೇ ಹಲವರು ಕೇಳಿದ ಪ್ರಶ್ನೆ ಸರಳವಾಗಿತ್ತು: ಜನರಿಗೇ ಊಟವಿಲ್ಲದ ಕಡೆ ಇಷ್ಟು ದೊಡ್ಡ ಮೊಲಕ್ಕೆ ತಿನ್ನಲು ಏನು ಹಾಕುತ್ತೀರಿ?

40 ಡಿಗ್ರಿಯಲ್ಲಿ ಮೊಲಕ್ಕೆ ಏನಾಗುತ್ತದೆ?

ಸಂದೇಶಗಳು ಎಂದೂ ಹೇಳದ ವಿಷಯ ಇದು. ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಮೊಲಕ್ಕೆ ನಮ್ಮಂತೆ ಬೆವರು ಬರುವುದಿಲ್ಲ. ನಾಯಿಯಂತೆ ಏದುಸಿರು ಬಿಟ್ಟು ತಣ್ಣಗಾಗುವ ಶಕ್ತಿಯೂ ಕಡಿಮೆ. ಮೈಯ ಬಿಸಿಯನ್ನು ಹೊರಹಾಕಲು ಅದಕ್ಕಿರುವ ಮುಖ್ಯ ದಾರಿ ಆ ಉದ್ದನೆಯ ಕಿವಿಗಳು. ಕಿವಿಯ ರಕ್ತನಾಳಗಳಲ್ಲಿ ಬಿಸಿ ರಕ್ತ ಹರಿದು ಗಾಳಿಗೆ ತಣ್ಣಗಾಗುತ್ತದೆ. ಆದರೆ ಸುತ್ತಲಿನ ಗಾಳಿಯೇ ಮೈಗಿಂತ ಬಿಸಿಯಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. 15ರಿಂದ 25 ಡಿಗ್ರಿ ಮೊಲಕ್ಕೆ ಹಿತ. 30 ದಾಟಿದರೆ ತಿನ್ನುವುದು ಕಡಿಮೆಯಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. 35 ದಾಟಿದರೆ ಜೀವಕ್ಕೇ ಅಪಾಯ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಪತ್ರಾಸ್ ಶೆಡ್ಡಿನೊಳಗೆ ಅದಕ್ಕಿಂತಲೂ ಹೆಚ್ಚು. ಕರೆಂಟು ಹೋಗಿ ಫ್ಯಾನು ನಿಂತ ಒಂದು ಮಧ್ಯಾಹ್ನ ಸಾಕು, ಶೆಡ್ಡೇ ಖಾಲಿಯಾಗಬಹುದು.

ದೇಹ ದೊಡ್ಡದಾದಷ್ಟೂ ಕಷ್ಟ ಹೆಚ್ಚು. ಒಂದೂವರೆ ಕೆ.ಜಿ. ಮೊಲಕ್ಕೆ ಹೋಲಿಸಿದರೆ ಆರು ಕೆ.ಜಿ. ಮೊಲದ ತೂಕ ನಾಲ್ಕು ಪಟ್ಟು, ಆದರೆ ಬಿಸಿ ಹೊರಹಾಕುವ ಮೈಯ ಮೇಲ್ಮೈ ಸುಮಾರು ಎರಡೂವರೆ ಪಟ್ಟು ಮಾತ್ರ. ದೊಡ್ಡ ಪಾತ್ರೆಯ ಸಾರು ಆರಲು ಹೊತ್ತು ಹಿಡಿಯುವಂತೆ, ದೊಡ್ಡ ಮೊಲ ತಣ್ಣಗಾಗಲೂ ಹೊತ್ತು ಹಿಡಿಯುತ್ತದೆ.

ಸಾಯದೆ ಉಳಿದರೂ ನಷ್ಟ ತಪ್ಪುವುದಿಲ್ಲ. ಹೆಚ್ಚು ಬಿಸಿಲಿಗೆ ಗಂಡು ಮೊಲದ ವೀರ್ಯ ಕೆಡುತ್ತದೆ. ತಂಪಾದ ಮೇಲೂ ಸರಿಹೋಗಲು ಒಂದೂವರೆ-ಎರಡು ತಿಂಗಳು ಬೇಕು. ಅಂದರೆ ಮಾರ್ಚ್‌ನಿಂದ ಜುಲೈವರೆಗೆ ಮರಿಗಳ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. "ವರ್ಷಕ್ಕೆ ಆರು ಸೂಲು" ಎನ್ನುವುದು ಇಲ್ಲೇ ಕುಸಿಯುತ್ತದೆ.

ನಮ್ಮ ದೇಶದಲ್ಲಿ ಮೊಲದ ಮೇಲೆ ಸರ್ಕಾರಿ ಸಂಶೋಧನೆ ನಡೆಸುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಎಲ್ಲಿವೆ ನೋಡಿ. ಒಂದು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಗಡ್ಸಾದಲ್ಲಿ, ಇನ್ನೊಂದು ತಮಿಳುನಾಡಿನ ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ. ಎರಡೂ ತಂಪು ಜಾಗ. ಸಂಸ್ಥೆಯ ಮುಖ್ಯ ಕೇಂದ್ರ ರಾಜಸ್ಥಾನದ ಅವಿಕಾನಗರ ಬಿಸಿಲು ಸೀಮೆಯೇ, ಅಲ್ಲಿಯೂ ಮೊಲ ಸಾಕಿದ್ದಾರೆ. ಆದ್ದರಿಂದ ಬಿಸಿಲು ಸೀಮೆಯಲ್ಲಿ ಸಾಧ್ಯವೇ ಇಲ್ಲ ಎನ್ನಲಾಗದು. ಆದರೆ ಅಲ್ಲಿರುವುದು ಮಧ್ಯಮ ಗಾತ್ರದ ಮಾಂಸದ ತಳಿಗಳು, ಜೊತೆಗೆ ಸಂಸ್ಥೆಯ ಕಟ್ಟಡ, ನೀರು, ವೈದ್ಯರು.

ಲೆಕ್ಕ ಹಾಕಿ ನೋಡೋಣ

ಸಂದೇಶದ ಲೆಕ್ಕ ಹೀಗಿರುತ್ತದೆ: 10 ಹೆಣ್ಣು, ತಲಾ 6 ಸೂಲು, ಸೂಲಿಗೆ 8 ಮರಿ, ಒಟ್ಟು 480 ಮೊಲ. ಕಾಗದದ ಮೇಲೆ ಯಾವ ಮೊಲವೂ ಸಾಯುವುದಿಲ್ಲ.

ಮೊಲದ ಗರ್ಭ ಸುಮಾರು 31 ದಿನ, ಸೂಲಿಗೆ 6-8 ಮರಿ ಹುಟ್ಟುವುದು ನಿಜ. ಆದರೆ ಮರಿಗಳಿಗೆ ಕನಿಷ್ಠ ನಾಲ್ಕೈದು ವಾರ ತಾಯಿಹಾಲು ಬೇಕು, ತಾಯಿಗೆ ವಿಶ್ರಾಂತಿ ಬೇಕು, ಬೇಸಿಗೆಯನ್ನು ಬಿಡಬೇಕು. ಉದಾಹರಣೆಗೆ, ಮಧ್ಯಮ ತಳಿಯ 10 ಹೆಣ್ಣು, 3 ಗಂಡು ಇವೆ ಎಂದುಕೊಳ್ಳೋಣ. ವರ್ಷಕ್ಕೆ 4 ಸೂಲು, ಸೂಲಿಗೆ 5 ಮರಿ ಉಳಿದವು. 200 ಮೊಲ, ತಲಾ 2 ಕೆ.ಜಿ., ಒಟ್ಟು 400 ಕೆ.ಜಿ. ಜೀವಂತ ತೂಕ. ಚರ್ಮ, ತಲೆ, ಕರುಳು ಕಳೆದರೆ ಸುಮಾರು ಅರ್ಧದಷ್ಟು, ಅಂದರೆ 200 ಕೆ.ಜಿ. ಮಾಂಸ.

ಈಗ ಮೇವು. ಮೊಲ ಒಂದು ಕೆ.ಜಿ. ತೂಕ ಹೆಚ್ಚಿಸಿಕೊಳ್ಳಲು ಮೂರರಿಂದ ನಾಲ್ಕು ಕೆ.ಜಿ. ಒಣ ಆಹಾರ ತಿನ್ನುತ್ತದೆ. ನಾಲ್ಕರಂತೆ ಹಿಡಿದರೆ ಮರಿಗಳಿಗೆ 1,600 ಕೆ.ಜಿ. ತಾಯಿ-ತಂದೆ ಮೊಲಗಳು 13, ದಿನಕ್ಕೆ ತಲಾ 150 ಗ್ರಾಂ, ವರ್ಷಕ್ಕೆ ಸುಮಾರು 700 ಕೆ.ಜಿ. ಒಟ್ಟು 2,300 ಕೆ.ಜಿ. ಆಹಾರ ಕೆ.ಜಿ.ಗೆ 30 ರೂಪಾಯಿ ಎಂದಿಟ್ಟುಕೊಂಡರೆ 69,000 ರೂಪಾಯಿ. ಅಂದರೆ ಜೀವಂತ ಮೊಲದ ಪ್ರತಿ ಕೆ.ಜಿ.ಗೆ ಮೇವಿನ ಖರ್ಚೇ 170 ರೂಪಾಯಿ ದಾಟಿತು. ಶೆಡ್ಡು, ಪಂಜರ, ಔಷಧ, ಕರೆಂಟು, ಆಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಕಾಲುವೆ ನೀರು ಸಿಗುವ ಬಸವನಬಾಗೇವಾಡಿ, ಮುದ್ದೇಬಿಹಾಳದ ಹೊಲಗಳಲ್ಲಿ ಕುದುರೆಮಸಾಲೆ, ಹಸಿ ಹುಲ್ಲು ಸ್ವಂತಕ್ಕೆ ಬೆಳೆದರೆ ಈ ಖರ್ಚು ಇಳಿಯುತ್ತದೆ. ಆದರೆ ಬರೀ ಹುಲ್ಲು ಕೊಟ್ಟರೆ 12 ವಾರಕ್ಕೆ 2 ಕೆ.ಜಿ. ಬರುವುದಿಲ್ಲ. ಬ್ರಾಯ್ಲರ್ ಕೋಳಿ 35-42 ದಿನಕ್ಕೇ 2 ಕೆ.ಜಿ. ಬರುತ್ತದೆ, ಕೆ.ಜಿ. ತೂಕಕ್ಕೆ 2 ಕೆ.ಜಿ.ಗಿಂತ ಕಡಿಮೆ ಆಹಾರ ಸಾಕು. ಕೋಳಿಗೆ ಊರೂರಲ್ಲಿ ಅಂಗಡಿ ಇದೆ, ಆಡು-ಕುರಿಗೆ ಸಂತೆ ಇದೆ, ಇಂಡಿಯ ನಿಂಬೆಗೆ ಮಾರುಕಟ್ಟೆ ಇದೆ. ಮೊಲದ ಮಾಂಸ ಕೇಳಿಕೊಂಡು ನಿಮ್ಮೂರಿನ ಮಟನ್ ಅಂಗಡಿಗೆ ವಾರಕ್ಕೆ ಎಷ್ಟು ಜನ ಬರುತ್ತಾರೆ? ಈ ಪ್ರಶ್ನೆಗೆ ಉತ್ತರ ಅಂಗಡಿಯವರನ್ನೇ ಕೇಳಿ ತಿಳಿಯಬಹುದು, ಖರ್ಚಿಲ್ಲ.

"ಕಂಪನಿ ವಾಪಸ್ ಕೊಳ್ಳುತ್ತದೆ" ಎಂದರೆ?

ಮಾರುಕಟ್ಟೆ ಇಲ್ಲದ ಕಡೆ ಈ ಭರವಸೆ ಬರುತ್ತದೆ. ಮೊದಲು ನೀವು ಅವರಿಂದ ದುಬಾರಿ ಬೆಲೆಗೆ ಜೋಡಿ ಮೊಲ, ಪಂಜರ ಕೊಳ್ಳಬೇಕು. ಮರಿ ಬಂದ ಮೇಲೆ ಅವರು ಕೊಳ್ಳುತ್ತಾರೆ. ಆರಂಭದಲ್ಲಿ ಕೆಲವರಿಗೆ ದುಡ್ಡು ಬರುತ್ತದೆ, ಅವರ ವಿಡಿಯೊ ಎಲ್ಲರಿಗೂ ಫಾರ್ವರ್ಡ್ ಆಗುತ್ತದೆ. ಆದರೆ ಆ ಮರಿಗಳು ಹೋಗುವುದು ಮಾಂಸದ ಅಂಗಡಿಗಲ್ಲ, ಮುಂದಿನ ಹೊಸ ಸಾಕಣೆದಾರನಿಗೆ. ಹೊಸಬರು ಸೇರುವುದು ನಿಂತ ದಿನ ಕೊಳ್ಳುವುದೂ ನಿಲ್ಲುತ್ತದೆ.

ಪ್ರಾಣಿ ಬದಲಾಗುತ್ತದೆ, ಕಥೆ ಅದೇ. 2012ರಲ್ಲಿ ತಮಿಳುನಾಡಿನ ಈರೋಡ್ ಜಿಲ್ಲೆಯ ಪೆರುಂದುರೈನಲ್ಲಿ ಎಮು ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಹೂಡಿಕೆದಾರರು ಬೀದಿಗೆ ಬಂದರು, ಹಕ್ಕಿಗಳಿಗೆ ಮೇವು ಹಾಕುವವರೂ ಇರಲಿಲ್ಲ. 2019ರಲ್ಲಿ ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದಲ್ಲಿ ಕಡಕ್‌ನಾಥ್ ಕೋಳಿಯ ಹೆಸರಿನಲ್ಲಿ ಅದೇ ನಡೆಯಿತು. 2024ರಲ್ಲಿ ಹೊಸಪೇಟೆಯಲ್ಲಿ ಕತ್ತೆ ಹಾಲಿನ ಸರದಿ: ಸುಮಾರು ಮೂರು ಲಕ್ಷ ರೂಪಾಯಿಗೆ ಕತ್ತೆಗಳನ್ನು ಕೊಟ್ಟು, ಹಾಲನ್ನು ಲೀಟರಿಗೆ 2,000 ರೂಪಾಯಿಗೂ ಹೆಚ್ಚಿಗೆ ಕೊಳ್ಳುತ್ತೇವೆ ಎಂದಿದ್ದ ಕಂಪನಿಯ ವಿರುದ್ಧ ರೈತರು ಪೊಲೀಸರ ಮೆಟ್ಟಿಲೇರಿದರು. ಎಮು, ಕೋಳಿ, ಕತ್ತೆಯಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಒಪ್ಪಂದದಲ್ಲಿ.

"ಸರ್ಕಾರದ 50% ಸಬ್ಸಿಡಿ ಇದೆ" ಎಂಬ ಮಾತನ್ನೂ ಪರಿಶೀಲಿಸಿ. 2021ರಲ್ಲಿ ಹೊಸ ರೂಪ ಪಡೆದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಉದ್ಯಮಕ್ಕೆ 50% ಸಬ್ಸಿಡಿ ಇರುವುದು ನಿಜ. ಆದರೆ ಅದು ಗ್ರಾಮೀಣ ಕೋಳಿ, ಕುರಿ-ಮೇಕೆ, ಹಂದಿ, ಮೇವು ಘಟಕಗಳಿಗೆಂದು ಶುರುವಾದದ್ದು. ಮೊಲದ ಹೆಸರಲ್ಲಿ ಸಬ್ಸಿಡಿ ಎಂದು ಯಾರಾದರೂ ಹೇಳಿದರೆ ಆದೇಶದ ಪ್ರತಿ ತೋರಿಸಲು ಕೇಳಿ, ಅದನ್ನು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೋರಿಸಿ ಖಚಿತ ಮಾಡಿಕೊಳ್ಳಿ.

ಮಾಂಸ, ರಕ್ತ, ಕಾಡುಮೊಲ: ಕೆಲವು ತಪ್ಪು ತಿಳಿವಳಿಕೆ

"ಮೊಲದ ಮಾಂಸದಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ." ಸುಳ್ಳು. ಕೊಲೆಸ್ಟ್ರಾಲ್ ಇಲ್ಲದ ಮಾಂಸವೇ ಇಲ್ಲ. ಮೊಲದ ಮಾಂಸದಲ್ಲಿ ಕೊಬ್ಬು ಕಡಿಮೆ, ಪ್ರೋಟೀನ್ ಚೆನ್ನಾಗಿದೆ, ಅಷ್ಟು ನಿಜ.

"ಮೊಲದ ರಕ್ತದ ಎಣ್ಣೆ ಹಚ್ಚಿದರೆ ಕೂದಲು ಬರುತ್ತದೆ." ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಕೂದಲು ಬೆಳೆಯುವುದು ಚರ್ಮದೊಳಗಿನ ಬುಡದಿಂದ. ತಲೆಗೆ ಹಚ್ಚಿದ ರಕ್ತ ಆ ಬುಡಕ್ಕೆ ಆಹಾರ ಆಗುವುದಿಲ್ಲ.

"ಹೊಲದಲ್ಲಿ ಸಿಕ್ಕ ಮೊಲವನ್ನೂ ಸಾಕಬಹುದು." ಇದು ಅಪರಾಧ. ನಮ್ಮ ಜೋಳ, ತೊಗರಿ ಹೊಲಗಳಲ್ಲಿ ಓಡುವ ಮೊಲಕ್ಕೂ ಪಂಜರದ ಮೊಲಕ್ಕೂ ಕನ್ನಡದಲ್ಲಿ ಒಂದೇ ಹೆಸರಿದ್ದರೂ ಅವೆರಡೂ ಬೇರೆ ಬೇರೆ ಪ್ರಾಣಿ. ಸಾಕುಮೊಲದ ಮೂಲ ಯುರೋಪಿನ ಸ್ಪೇನ್ ಕಡೆ. ಅದು ಬಿಲ ತೋಡುತ್ತದೆ, ಅದರ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಹೊಲದ ಮೊಲ ಬಿಲ ತೋಡುವುದಿಲ್ಲ, ಅದರ ಮರಿ ಮೈತುಂಬ ಕೂದಲಿನೊಂದಿಗೆ ಕಣ್ಣು ತೆರೆದೇ ಹುಟ್ಟುತ್ತದೆ. ಎರಡರ ನಡುವೆ ಮಿಶ್ರತಳಿ ಸಾಧ್ಯವಿಲ್ಲ. ಹೊಲದ ಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು ಎಲ್ಲವೂ ಶಿಕ್ಷಾರ್ಹ.

ಮನೆಯಲ್ಲಿ ಮುದ್ದಿಗೆ ಸಾಕುವುದಾದರೆ?

ಮಾಂಸಕ್ಕೆಂದು ತಂದ ಮೊಲ ಮನೆಯ ಮಗುವಾಗಿಬಿಡುವುದೂ ಉಂಟು. 2017ರಲ್ಲಿ ವೆನೆಜುವೆಲಾ ಸರ್ಕಾರ ಆಹಾರದ ಕೊರತೆ ನೀಗಲು ಬಡವರ ಬಡಾವಣೆಗಳಿಗೆ ಮೊಲದ ಮರಿ ಹಂಚಿತು. ಸ್ವಲ್ಪ ದಿನ ಬಿಟ್ಟು ಅಧಿಕಾರಿಗಳು ಹೋಗಿ ನೋಡಿದರೆ ಜನ ಅವಕ್ಕೆ ಹೆಸರಿಟ್ಟು, ರಿಬ್ಬನ್ ಕಟ್ಟಿ, ಹಾಸಿಗೆಯಲ್ಲಿ ಮಲಗಿಸಿಕೊಳ್ಳುತ್ತಿದ್ದರು. ನಮ್ಮ ಮನೆಗಳಲ್ಲಿ ಮಕ್ಕಳಿದ್ದರೆ ಇದೇ ಆಗುತ್ತದೆ. ಆಗ ತಿಳಿದಿರಬೇಕಾದದ್ದು ಇಷ್ಟು:

• ಮೊಲದ ಮುಖ್ಯ ಆಹಾರ ಕ್ಯಾರೆಟ್ ಅಲ್ಲ, ಒಣ ಮತ್ತು ಹಸಿ ಹುಲ್ಲು. ಹಲ್ಲು ಜೀವನವಿಡೀ ಬೆಳೆಯುತ್ತಲೇ ಇರುತ್ತದೆ, ನಾರಿನ ಮೇವು ಅಗಿದರೆ ಮಾತ್ರ ಸವೆಯುತ್ತದೆ. ಎಳೆ ಜೋಳದ ಸೊಪ್ಪು ದನಕ್ಕೆ ವಿಷವಾಗುವಂತೆ ಮೊಲಕ್ಕೂ ಅಪಾಯ.

• ತನ್ನದೇ ಮೆತ್ತನೆಯ ಹಿಕ್ಕೆಯನ್ನು ತಿನ್ನುವುದು ರೋಗವಲ್ಲ. ಆಹಾರದ ಸಾರವನ್ನು ಎರಡನೇ ಸಲ ಪಡೆಯುವ ಅದರ ಸಹಜ ಕ್ರಮ ಅದು.

• ಕಿವಿ ಹಿಡಿದು ಎತ್ತಬೇಡಿ. ಎದೆ ಮತ್ತು ಹಿಂಬದಿಗೆ ಕೈ ಕೊಟ್ಟು ಎತ್ತಿ. ಒದ್ದಾಡಿದರೆ ಬೆನ್ನುಮೂಳೆಯೇ ಮುರಿಯಬಹುದು.

• ದೈತ್ಯ ತಳಿಯನ್ನು ಬರೀ ತಂತಿಯ ನೆಲದ ಮೇಲೆ ಬಿಟ್ಟರೆ ಭಾರಕ್ಕೆ ಅಂಗಾಲು ಹುಣ್ಣಾಗುತ್ತದೆ. ಗಟ್ಟಿ ನೆಲ, ಹುಲ್ಲಿನ ಹಾಸು, ಓಡಾಡಲು ಜಾಗ ಬೇಕು.

• ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ತುರ್ತು ಎಂದೇ ತಿಳಿಯಿರಿ. ಮನುಷ್ಯರ ಮಾತ್ರೆ ಕೊಡಬೇಡಿ. ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಮೊಲ ಸಾಯಬಹುದು. ನಾಯಿಯ ಉಣ್ಣೆಗೆ ಬಳಸುವ ಫಿಪ್ರೊನಿಲ್ ಕೂಡ ಮೊಲಕ್ಕೆ ಪ್ರಾಣಾಪಾಯ.

• ಬಿಸಿಲಿನಲ್ಲಿ ಬಾಯಿ ತೆರೆದು ಉಸಿರಾಡಿದರೆ ನೆರಳಿಗೆ ಒಯ್ದು, ಕಿವಿಗೆ ಒದ್ದೆ ಬಟ್ಟೆ ಇಡಿ, ತಂಪು ನೀರು ಕುಡಿಯಲು ಇಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ. ಕೂಡಲೇ ವೈದ್ಯರಿಗೆ ತೋರಿಸಿ. ಪಶು ಚಿಕಿತ್ಸೆಯ ಸಹಾಯವಾಣಿ 1962.

ಹಣ ಕೊಡುವ ಮುನ್ನ, ಶೇರ್ ಮಾಡುವ ಮುನ್ನ

ಮೊಲ ಸಾಕಲೇಬೇಕೆಂಬ ಆಸಕ್ತಿ ಇದ್ದರೆ ದೈತ್ಯ ತಳಿ ಬಿಟ್ಟು ಮಧ್ಯಮ ತಳಿಯ ಎರಡು-ಮೂರು ಮೊಲದಿಂದ ಶುರುಮಾಡಿ. ಒಂದು ಬೇಸಿಗೆ ದಾಟಿಸಿ ನೋಡಿ. ವಿಜಯಪುರದ ಹಿಟ್ಟಿನಹಳ್ಳಿ ಮತ್ತು ಇಂಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲಿನ ತಜ್ಞರನ್ನು ಕೇಳಿ. ಸಾಲ ತೆಗೆದು ದೊಡ್ಡ ಶೆಡ್ ಹಾಕುವ ಮುನ್ನ ಕೊಳ್ಳುವವರು ಯಾರು ಎಂದು ಹೆಸರು ಹಿಡಿದು ಹೇಳುವಂತಿರಬೇಕು, ಮೊಲ ಮಾರಿದ ಕಂಪನಿಯನ್ನು ಬಿಟ್ಟು. ಮಾಂಸ ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ, ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು.

ಕಂಪನಿಯವರನ್ನು ಕೇಳಬೇಕಾದ ಪ್ರಶ್ನೆ ಮೂರು: ಕಳೆದ ವರ್ಷ ನೀವು ಮೊಲದ ಮಾಂಸ ಮಾರಿದ್ದು ಯಾರಿಗೆ, ಅದರ ಬಿಲ್ ತೋರಿಸಿ. ಮೇ ತಿಂಗಳಲ್ಲಿ ಮೊಲ ಸತ್ತರೆ ನಷ್ಟ ಯಾರದ್ದು? ಎರಡು ವರ್ಷದಿಂದ ನಿಮ್ಮ ಜೊತೆಗಿರುವ ಸಾಕಣೆದಾರರ ಮನೆಗೆ ನಾವೇ ಹೋಗಿ ನೋಡಬಹುದೇ? ಉತ್ತರ ತಡವರಿಸಿದರೆ ನಿಮ್ಮ ಉತ್ತರ ಸಿಕ್ಕಿತು. ಈಗಾಗಲೇ ಆನ್‌ಲೈನ್‌ನಲ್ಲಿ ಹಣ ಹಾಕಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಠಾಣೆಯಲ್ಲಿ ದೂರು ಕೊಡಿ, ರಸೀದಿ ಮತ್ತು ಚಾಟ್ ಅಳಿಸಬೇಡಿ.

ದೈತ್ಯ ಮೊಲದ ಸಂದೇಶ ಮತ್ತೆ ಬಂದರೆ, ಕಳಿಸಿದವರಿಗೆ ಒಂದೇ ಮಾತು ಕೇಳಿ: "ನೀವು ಸಾಕಿದ್ದೀರಾ, ಬೇಸಿಗೆ ದಾಟಿದವೇ, ಯಾರು ಕೊಂಡರು?" ಅವರಿಗೂ ಗೊತ್ತಿಲ್ಲದಿದ್ದರೆ, ಆ ಸಂದೇಶವನ್ನು ಮುಂದೆ ಕಳಿಸಬೇಡಿ.